ಖಾಲಿ ಕುರ್ಚಿಯ ಉಳಿತಾಯ ಮಕ್ಕಳಿಗೆ ದುಬಾರಿ

ಮಗಳು-ಅಳಿಯ ಇಂಗ್ಲೆಂಡಿನಲ್ಲಿರುವ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಈಚೆಗೆ ಒಂದು ದಿನ ಫೋನ್ ಮಾಡಿದರು. ಹೊತ್ತು ನೋಡಿದೆ. ಊರಿನಲ್ಲಿ ಆಗ ರಾತ್ರಿ ಎರಡು ಗಂಟೆ. ‘ಅಲ್ಲಪ್ಪ, ಮೊಮ್ಮಗ ಸ್ಕೂಲಲ್ಲಿ ಏನೋ ಅಂದನಂತೆ. ಕೌನ್ಸಿಲ್‌ನವರು ಮನೆಗೆ ಬಂದು ವಿಚಾರಣೆ ಮಾಡ್ಕೊಂಡು ಹೋಗಿದಾರೆ. ಮಗುನ ಎತ್ಕೊಂಡು ಹೋಗ್ಬಿಡ್ತಾರಾ? ನಿಂಗೇನಾದ್ರೂ ಗೊತ್ತಾ?’ ಎಂದು ಕೇಳಿದರು. ನಾನು ಲೆಕ್ಕ ಬರೆಯುವವನು, ವಕೀಲನಲ್ಲ. ಆದರೂ ಇಷ್ಟು ವರ್ಷ ಇಲ್ಲಿದ್ದವನು ಎಂಬ ನಂಬಿಕೆಯಿಂದ ಕೇಳಿದ್ದರು.

ನಡೆದದ್ದು ಇಷ್ಟು. ಆರು ವರ್ಷದ ಹುಡುಗನ ತೋಳಿನ ಮೇಲೆ ಕಂದಿದ ಗುರುತು ನೋಡಿ ಟೀಚರ್ ಏನಾಯಿತೆಂದು ವಿಚಾರಿಸಿದ್ದಾರೆ. ‘ಪಾರ್ಕಿನಲ್ಲಿ ಬಿದ್ದೆ’ ಎಂದ ಹುಡುಗ, ‘ಅಮ್ಮ ಕೋಲು ತೋರಿಸ್ತಾಳೆ’ ಎಂದೂ ಸೇರಿಸಿದ್ದಾನೆ. ಇಂಥ ಮಾತು ಕಿವಿಗೆ ಬಿದ್ದ ಮೇಲೆ ಶಾಲೆಯವರು ಸುಮ್ಮನಿರುವಂತಿಲ್ಲ. ಕೌನ್ಸಿಲ್‌ನ, ಅಂದರೆ ಅಲ್ಲಿನ ಸ್ಥಳೀಯ ಸಂಸ್ಥೆಯ, ಮಕ್ಕಳ ವಿಭಾಗಕ್ಕೆ ತಿಳಿಸಿದರು. ಮೊದಲ ವಾರ ಒಬ್ಬ ಸೋಷಿಯಲ್ ವರ್ಕರ್ ಬಂದರು. ಸೌಜನ್ಯದಿಂದ ಮಾತಾಡಿ, ಮಗುವಿನ ಜೊತೆ ಕೂತು ಚಿತ್ರ ಬರೆಸಿ ಹೋದರು. ಆಮೇಲೆ ಮೂರು ವಾರ ಸುದ್ದಿಯಿಲ್ಲ. ಫೋನ್ ಮಾಡಿದರೆ ಅವರು ಕೆಲಸ ಬಿಟ್ಟಿದ್ದಾರೆ ಎಂಬ ಉತ್ತರ. ಎರಡನೆಯವರು ಬಂದು ಮೊದಲಿನಿಂದ ಎಲ್ಲವನ್ನೂ ಕೇಳಿದರು. ಅವರು ರಜೆಗೆ ಹೋದ ಮೇಲೆ ಏಜೆನ್ಸಿಯ ಮೂಲಕ ಮೂರನೆಯವರು ಬಂದರು. ಅದೇ ಪ್ರಶ್ನೆ, ಅದೇ ಉತ್ತರ. ಕೊನೆಗೆ ‘ಮುಂದಿನ ಕ್ರಮದ ಅಗತ್ಯವಿಲ್ಲ’ ಎಂಬ ಒಂದು ಪತ್ರ ಬಂದು ಕಡತ ಮುಚ್ಚಿತು. ಅಷ್ಟರಲ್ಲಿ ತಾಯಿ ಎಂಟು ಕೆಜಿ ಇಳಿದಿದ್ದಳು. ಹುಡುಗ ಶಾಲೆಯಲ್ಲಿ ಬಾಯಿ ಬಿಡುವುದನ್ನೇ ಬಿಟ್ಟಿದ್ದ.

ಈ ಮನೆಯವರಿಗೆ ಆದ ಸಂಕಟಕ್ಕೆ ಕಾನೂನು ಕಾರಣವಲ್ಲ. ಬಂದವರು ಕೆಟ್ಟವರೂ ಅಲ್ಲ. ಒಂದು ಕಚೇರಿಯಲ್ಲಿ ಕುರ್ಚಿಗಳು ಖಾಲಿ ಇದ್ದುದೇ ಕಾರಣ. ವಿದೇಶದಲ್ಲಿರುವ ಮಕ್ಕಳ ಬಗ್ಗೆ ನಮ್ಮಲ್ಲಿ ಬಹಳ ಜನ ‘ಅಲ್ಲಿ ಸರ್ಕಾರದವರು ಮನೆಯೊಳಗೆ ತಲೆಹಾಕುತ್ತಾರೆ’ ಎಂದು ಹೆದರುತ್ತಾರೆ. ಇಂಗ್ಲೆಂಡಿನ ಲೆಕ್ಕಪತ್ರ ನೋಡಿದವನಾಗಿ ಹೇಳುವುದಾದರೆ, ಹೆದರಬೇಕಾದದ್ದು ಬರುವವರು ಹೆಚ್ಚಾಗಿದ್ದಾರೆಂದಲ್ಲ, ಕಡಿಮೆ ಇದ್ದಾರೆಂದು. ನಿಜವಾಗಿ ಏಟು ತಿನ್ನುತ್ತಿರುವ ಮಗುವಿಗೂ, ತಪ್ಪಿಲ್ಲದೆ ಸಂಶಯಕ್ಕೆ ಸಿಕ್ಕಿದ ತಾಯಿಗೂ ರಕ್ಷಣೆ ಒಂದೇ. ಅದು ಸಮಯವಿರುವ, ಅನುಭವವಿರುವ, ನಾಳೆಯೂ ಅದೇ ಕುರ್ಚಿಯಲ್ಲಿರುವ ಒಬ್ಬ ಮನುಷ್ಯ.

ಕಾನೂನು ಹೇಳುವುದೇನು?

ಮೊದಲು ಮೇಷ್ಟ್ರ ಪ್ರಶ್ನೆಗೆ ಉತ್ತರ. ಇಂಗ್ಲೆಂಡಿನಲ್ಲಿ ಸೋಷಿಯಲ್ ವರ್ಕರ್ ಒಬ್ಬರು ಮನೆಗೆ ಬಂದು ತಾವಾಗಿಯೇ ಮಗುವನ್ನು ಕರೆದೊಯ್ಯುವಂತಿಲ್ಲ. 1989ರ ಮಕ್ಕಳ ಕಾಯ್ದೆಯ ಪ್ರಕಾರ ಅದಕ್ಕೆ ಪೋಷಕರ ಒಪ್ಪಿಗೆ ಬೇಕು, ಇಲ್ಲವೇ ನ್ಯಾಯಾಲಯದ ಆದೇಶ ಬೇಕು. ತಕ್ಷಣದ ಅಪಾಯವಿದ್ದರೆ ಪೊಲೀಸರು ಗರಿಷ್ಠ 72 ಗಂಟೆ ಕಾಲ ಮಗುವನ್ನು ರಕ್ಷಣೆಗೆ ತೆಗೆದುಕೊಳ್ಳಬಹುದು. ಇದೇ ಕಾಯ್ದೆಯ 47ನೇ ಸೆಕ್ಷನ್, ಮಗುವಿಗೆ ಗಂಭೀರ ಹಾನಿಯಾಗುತ್ತಿದೆ ಎಂಬ ಸಕಾರಣ ಅನುಮಾನ ಬಂದರೆ ವಿಚಾರಣೆ ಮಾಡಲೇಬೇಕೆಂದು ಕೌನ್ಸಿಲ್‌ಗೆ ಹೊಣೆ ಹೊರಿಸಿದೆ. 17ನೇ ಸೆಕ್ಷನ್ ಕಷ್ಟದಲ್ಲಿರುವ ಮಗುವಿನ ಕುಟುಂಬಕ್ಕೆ ನೆರವಾಗುವ ಹೊಣೆಯನ್ನು ಅದೇ ಕೌನ್ಸಿಲ್‌ಗೆ ಕೊಟ್ಟಿದೆ. ವೀಸಾದಲ್ಲಿರುವವರು ಗಮನಿಸಬೇಕಾದ ಮಾತೊಂದಿದೆ. ಈ 17ನೇ ಸೆಕ್ಷನ್ ನೆರವು ವೀಸಾ ನಿಯಮಗಳಲ್ಲಿ ನಿಷೇಧಿಸಿರುವ ‘ಸಾರ್ವಜನಿಕ ನಿಧಿ’ಗಳ ಪಟ್ಟಿಯಲ್ಲಿ ಇಲ್ಲ. ಗಂಡನ ಹೊಡೆತ ತಾಳಲಾರದೆ ಮಗುವಿನ ಸಮೇತ ಹೊರಬಂದ ಹೆಣ್ಣುಮಗಳು, ವೀಸಾ ಹೋಗುತ್ತದೆಂದು ಹೆದರಿ ಇದನ್ನು ಕೇಳದೇ ಇರಬೇಕಾಗಿಲ್ಲ.

ಅವಧಿಯೂ ನಿಗದಿಯಾಗಿದೆ. ದೂರು ಬಂದರೆ ಒಂದು ಕೆಲಸದ ದಿನದೊಳಗೆ ಮುಂದೇನೆಂದು ತೀರ್ಮಾನಿಸಬೇಕು. ಪೂರ್ಣ ಪರಿಶೀಲನೆಗೆ 45 ಕೆಲಸದ ದಿನಗಳ ಮಿತಿಯಿದೆ. ಪ್ರಕರಣ ನ್ಯಾಯಾಲಯಕ್ಕೆ ಹೋದರೆ 26 ವಾರದೊಳಗೆ ಮುಗಿಯಬೇಕೆಂಬುದು 2014ರ ಕಾಯ್ದೆಯ ಆಶಯ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಕಾಗದ ಮನೆ ಬಾಗಿಲು ತಟ್ಟುವುದಿಲ್ಲ. ಅದನ್ನು ತಟ್ಟಲು ಜನ ಬೇಕು.

ಜನ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಈ ದೇಶ ಬಹಳ ಕಹಿಯಾಗಿ ಕಲಿತಿದೆ. 2000ದ ಫೆಬ್ರುವರಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ತೀರಿಕೊಂಡಳು. ಒಳ್ಳೆಯ ಓದು ಸಿಗಲಿ ಎಂದು ಆಫ್ರಿಕಾದ ಐವರಿ ಕೋಸ್ಟಿನಿಂದ ಹೆತ್ತವರು ಬಂಧುವಿನ ಜೊತೆ ಕಳುಹಿಸಿದ್ದ ಮಗು ಅದು. ದೇಹದ ಮೇಲೆ 128 ಗಾಯದ ಗುರುತುಗಳಿದ್ದವು. ಲಾರ್ಡ್ ಲ್ಯಾಮಿಂಗ್ ನೇತೃತ್ವದ ವಿಚಾರಣೆಯ ವರದಿ 2003ರ ಜನವರಿಯಲ್ಲಿ ಬಂತು. ಮಗುವನ್ನು ಉಳಿಸಿಕೊಳ್ಳುವ ಅವಕಾಶ ಕನಿಷ್ಠ 12 ಬಾರಿ ಕೈತಪ್ಪಿತ್ತು ಎಂದು ಅದು ಹೇಳಿತು. ಪ್ರಕರಣ ನೋಡಿಕೊಳ್ಳುತ್ತಿದ್ದ ಸೋಷಿಯಲ್ ವರ್ಕರ್ ಬಳಿ ಒಂದು ಹಂತದಲ್ಲಿ 19 ಪ್ರಕರಣಗಳಿದ್ದವು. ಆ ತಂಡದ ನಿಯಮದಲ್ಲಿ ಇದ್ದ ಮಿತಿ 12. ಲ್ಯಾಮಿಂಗ್ ಅವರು ತಪ್ಪನ್ನು ಕೆಳಗಿನ ಸಿಬ್ಬಂದಿಯ ತಲೆಗೆ ಕಟ್ಟಿ ಕೈತೊಳೆದುಕೊಳ್ಳಲಿಲ್ಲ, ಮೇಲೆ ಕೂತಿದ್ದ ಅಧಿಕಾರಿಗಳನ್ನು ಹೊಣೆ ಮಾಡಿದರು.

ವಾರಕ್ಕೆ 46 ನಿಮಿಷ

ಇಪ್ಪತ್ತು ವರ್ಷದ ಮೇಲೆ ಸ್ಥಿತಿ ಹೇಗಿದೆ? ಇಂಗ್ಲೆಂಡಿನ ಶಿಕ್ಷಣ ಇಲಾಖೆ ಪ್ರತಿ ವರ್ಷ ಸಿಬ್ಬಂದಿ ಲೆಕ್ಕ ಪ್ರಕಟಿಸುತ್ತದೆ. 2023ರ ಸೆಪ್ಟೆಂಬರ್ ಹೊತ್ತಿಗೆ ಕೌನ್ಸಿಲ್‌ಗಳಲ್ಲಿ ಕಾಯಂ ಆಗಿ ಇದ್ದ ಮಕ್ಕಳ ಸೋಷಿಯಲ್ ವರ್ಕರ್‌ಗಳು ಸುಮಾರು 33 ಸಾವಿರ. ಖಾಲಿ ಹುದ್ದೆಗಳು 7,700ರ ಆಸುಪಾಸು. ಏಜೆನ್ಸಿಯಿಂದ ಬಂದು ಕೆಲಸ ಮಾಡುತ್ತಿದ್ದವರು 7 ಸಾವಿರಕ್ಕೂ ಹೆಚ್ಚು. ಅಂದರೆ ಕೆಲಸ ಮಾಡುವ ಪ್ರತಿ ಆರು ಮಂದಿಯಲ್ಲಿ ಒಬ್ಬರಿಗಿಂತ ಹೆಚ್ಚು ತಾತ್ಕಾಲಿಕ. ಒಬ್ಬರ ಕೈಯಲ್ಲಿ ಸರಾಸರಿ 16 ಪ್ರಕರಣಗಳು. ಮರುವರ್ಷ ಅಂಕಿಗಳು ಸ್ವಲ್ಪ ಸುಧಾರಿಸಿದವು, ಆದರೆ ಚಿತ್ರ ಬದಲಾಗುವಷ್ಟಲ್ಲ.

ಹದಿನಾರು ಹೆಚ್ಚಲ್ಲ ಎನಿಸಬಹುದು. ಗುಣಾಕಾರ ಭಾಗಾಕಾರ ಮಾಡಿ ನೋಡೋಣ. 2022ರ ಮೇ ತಿಂಗಳಲ್ಲಿ ಜೋಶ್ ಮ್ಯಾಕ್‌ಆಲಿಸ್ಟರ್ ನೇತೃತ್ವದ ಸ್ವತಂತ್ರ ಪರಿಶೀಲನಾ ವರದಿ ಬಂತು. ಸೋಷಿಯಲ್ ವರ್ಕರ್‌ಗಳ ಕೆಲಸದ ಸಮಯದಲ್ಲಿ ಕುಟುಂಬಗಳ ಜೊತೆ ಕಳೆಯುವುದು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಎಂದು ಅದು ಹೇಳಿತು. ಉಳಿದದ್ದು ಕಂಪ್ಯೂಟರ್, ವರದಿ, ಸಭೆ. ವಾರಕ್ಕೆ 37 ಗಂಟೆಯ ಕೆಲಸವೆಂದು ಹಿಡಿದರೆ ಮೂರನೇ ಒಂದು ಭಾಗ ಸುಮಾರು 12 ಗಂಟೆ 20 ನಿಮಿಷ. ಅದನ್ನು 16 ಮಕ್ಕಳಿಗೆ ಹಂಚಿದರೆ ಒಂದು ಮಗುವಿಗೆ ವಾರಕ್ಕೆ 46 ನಿಮಿಷ. ಸರಾಸರಿ ಮೀರಿ 25 ಪ್ರಕರಣ ಹೊತ್ತವರಿಗೆ ಅದು ಅರ್ಧ ಗಂಟೆ. ಮನೆಯಲ್ಲಿ ಕನ್ನಡ ಮಾತ್ರ ಆಡುವ ಅಜ್ಜಿ, ಮಾತು ಬಿಟ್ಟ ಮಗು, ಹೆದರಿದ ತಾಯಿ. ಇವರೆಲ್ಲರ ನಡುವೆ ನಿಜ ಏನೆಂದು ಅರ್ಧ ಗಂಟೆಯಲ್ಲಿ ತಿಳಿಯುವುದು ಯಾರಿಂದ ಸಾಧ್ಯ?

ಸಮಯವಿಲ್ಲದ ಅಧಿಕಾರಿ ಎರಡು ಬಗೆಯಲ್ಲಿ ತಪ್ಪು ಮಾಡಬಲ್ಲರು. ಅಪಾಯದಲ್ಲಿರುವ ಮಗುವನ್ನು ‘ಎಲ್ಲ ಸರಿಯಿದೆ’ ಎಂದು ಬಿಟ್ಟು ಹೋಗಬಹುದು. ಇಲ್ಲವೇ, ನಾಳೆ ಹೆಚ್ಚು ಕಡಿಮೆಯಾದರೆ ಪತ್ರಿಕೆಗಳಲ್ಲಿ ತನ್ನ ಫೋಟೊ ಬರುತ್ತದೆಂಬ ಭಯದಿಂದ, ನೆರವು ಸಾಕಾಗಿದ್ದ ಕುಟುಂಬದ ಮೇಲೆ ಕಠಿಣ ಕ್ರಮಕ್ಕೆ ಬರೆಯಬಹುದು. ಎರಡನೆಯ ತಪ್ಪಿನ ಬಗ್ಗೆ ನಮ್ಮವರು ವಾಟ್ಸ್‌ಆ್ಯಪ್‌ನಲ್ಲಿ ಬೇಕಾದಷ್ಟು ಓದಿರುತ್ತಾರೆ. ಎರಡೂ ತಪ್ಪುಗಳಿಗೆ ಬೇರು ಒಂದೇ ಎಂಬುದು ಅಲ್ಲಿ ಬರುವುದಿಲ್ಲ.

ಬಜೆಟ್ ಪುಸ್ತಕದ ಮೋಸ

ಹಣ ಇಲ್ಲವೇ? ಇದೆ. ಎಲ್ಲಿ ಹೋಗುತ್ತಿದೆ ಎಂಬುದು ಪ್ರಶ್ನೆ. ಕೌನ್ಸಿಲ್‌ಗಳ ಬಜೆಟ್‌ನಲ್ಲಿ ‘ವೇಕೆನ್ಸಿ ಫ್ಯಾಕ್ಟರ್’ ಎಂಬ ಒಂದು ಸಾಲು ಇರುತ್ತದೆ. ನೂರು ಹುದ್ದೆ ಮಂಜೂರಾಗಿದ್ದರೆ ಕೆಲವು ಹೇಗೂ ಖಾಲಿ ಇರುತ್ತವೆ ಎಂದು ಮೊದಲೇ ಅಂದಾಜು ಮಾಡಿ, ಆ ಸಂಬಳವನ್ನು ವರ್ಷದ ಆರಂಭದಲ್ಲೇ ಉಳಿತಾಯವೆಂದು ಕಳೆದುಬಿಡುವುದು. ರಸ್ತೆಗೆ ಗುಂಡಿ ಮುಚ್ಚುವ ವಿಭಾಗದಲ್ಲಿ ಇದು ನಡೆದೀತು. ಮಕ್ಕಳ ರಕ್ಷಣೆಯಲ್ಲಿ ಹುದ್ದೆ ಖಾಲಿಯಾದರೂ ಮಕ್ಕಳ ಕಡತ ಖಾಲಿಯಾಗುವುದಿಲ್ಲ. ಅದು ಪಕ್ಕದ ಮೇಜಿಗೆ ಹೋಗುತ್ತದೆ. ಪಕ್ಕದವರು ಸುಸ್ತಾಗಿ ಬಿಡುತ್ತಾರೆ. ಆಮೇಲೆ ಅದೇ ಕುರ್ಚಿಗೆ ಏಜೆನ್ಸಿಯವರನ್ನು ಹೆಚ್ಚಿನ ದರ ಕೊಟ್ಟು ತರಬೇಕು. ಸಂಬಳದ ಸಾಲಿನಲ್ಲಿ ಉಳಿತಾಯ ಕಾಣುತ್ತದೆ, ಏಜೆನ್ಸಿಯ ಸಾಲಿನಲ್ಲಿ ಅದಕ್ಕಿಂತ ದೊಡ್ಡ ಕೊರತೆ ಕಾಣುತ್ತದೆ. ಎರಡನ್ನೂ ಒಟ್ಟಿಗೆ ನೋಡುವವರು ಕಡಿಮೆ.

ಇನ್ನೊಂದು ತೊಡಕು ಅನುದಾನದ ಅವಧಿ. ಕೇಂದ್ರ ಸರ್ಕಾರ ಒಂದೊಂದು ವರ್ಷಕ್ಕೆ ಮಾತ್ರ ಹಣ ಘೋಷಿಸಿದರೆ, ಮುಂದಿನ ವರ್ಷ ಬರುತ್ತದೋ ಇಲ್ಲವೋ ತಿಳಿಯದ ದುಡ್ಡಿನಲ್ಲಿ ಯಾವ ಹಣಕಾಸು ಅಧಿಕಾರಿಯೂ ಕಾಯಂ ನೇಮಕಾತಿಗೆ ಸಹಿ ಹಾಕುವುದಿಲ್ಲ. ಆಗಲೂ ಲಾಭ ಏಜೆನ್ಸಿಗೇ.

ಇದರ ಹಿಂದೆ ದೊಡ್ಡ ಕಥೆಯಿದೆ. 2010-11ರಿಂದ 2017-18ರ ನಡುವೆ ಕೌನ್ಸಿಲ್‌ಗಳಿಗೆ ಕೇಂದ್ರದಿಂದ ಬರುವ ಹಣ, ಬೆಲೆ ಏರಿಕೆ ಲೆಕ್ಕ ಹಾಕಿದರೆ, ಶೇ 49ರಷ್ಟು ಇಳಿಯಿತು ಎಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿದೆ. ಮಗುವಿನ ವಿಚಾರಣೆ ಕಾನೂನಿನ ಹೊಣೆ, ಅದನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಬಹುದಾಗಿದ್ದು ಅದಕ್ಕೂ ಮುಂಚಿನ ಕೆಲಸ: ಬಾಣಂತಿಯರಿಗೆ, ಚಿಕ್ಕ ಮಕ್ಕಳಿರುವ ಮನೆಗಳಿಗೆ ನೆರವಾಗುತ್ತಿದ್ದ ‘ಶ್ಯೂರ್ ಸ್ಟಾರ್ಟ್’ ಕೇಂದ್ರಗಳು, ಯುವಕರ ಕೇಂದ್ರಗಳು, ಮನೆಗೆ ಬಂದು ಸಲಹೆ ಕೊಡುವವರು. ಕತ್ತರಿ ಅಲ್ಲಿ ಬಿತ್ತು. ಶ್ಯೂರ್ ಸ್ಟಾರ್ಟ್‌ಗೆ ಹಾಕಿದ ಪ್ರತಿ 1 ಪೌಂಡಿನಿಂದ ಸುಮಾರು 2 ಪೌಂಡಿನ ಪ್ರಯೋಜನ ಆಗಿತ್ತೆಂದು ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ 2025ರಲ್ಲಿ ಲೆಕ್ಕ ಹಾಕಿ ತೋರಿಸಿತು. ಅಷ್ಟರಲ್ಲಿ ಬಹಳ ಕೇಂದ್ರಗಳು ಮುಚ್ಚಿದ್ದವು.

ಮೊದಲೇ ನೆರವು ಸಿಗದ ಮನೆಯ ಮಗು ಕೊನೆಗೆ ಎಲ್ಲಿಗೆ ಬರುತ್ತದೆ? ಇಂಗ್ಲೆಂಡಿನಲ್ಲಿ 2024ರಲ್ಲಿ 83 ಸಾವಿರಕ್ಕೂ ಹೆಚ್ಚು ಮಕ್ಕಳು ಕೌನ್ಸಿಲ್‌ಗಳ ಆರೈಕೆಯಲ್ಲಿದ್ದರು. ಹೆಚ್ಚಿನವರು ಸಾಕುವ ಕುಟುಂಬಗಳಲ್ಲಿ, ಉಳಿದವರಲ್ಲಿ ಹಲವರು ನಮ್ಮ ಬಾಲಮಂದಿರದಂಥ ಮಕ್ಕಳ ಗೃಹಗಳಲ್ಲಿ. ಈ ಗೃಹಗಳಲ್ಲಿ ಬಹುಪಾಲು ಖಾಸಗಿಯವರದು. ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ 2022ರ ಮಾರ್ಚ್‌ನಲ್ಲಿ ಕೊಟ್ಟ ವರದಿ ಪ್ರಕಾರ, ದೊಡ್ಡ ಸಂಸ್ಥೆಗಳು ಇದರಲ್ಲಿ ಸರಾಸರಿ ಶೇ 22.6ರಷ್ಟು ಲಾಭಾಂಶ ಪಡೆಯುತ್ತಿದ್ದವು. 2020ರಲ್ಲಿ ಒಂದು ಮಗುವಿಗೆ ವಾರದ ಸರಾಸರಿ ದರ 3,830 ಪೌಂಡ್, ಅಂದರೆ 4 ಲಕ್ಷ ರೂಪಾಯಿಗೂ ಹೆಚ್ಚು. ವರ್ಷಕ್ಕೆ ಹತ್ತಿರ ಹತ್ತಿರ 2 ಲಕ್ಷ ಪೌಂಡ್. ಅನುಭವಿ ಸೋಷಿಯಲ್ ವರ್ಕರ್ ಒಬ್ಬರ ಸಂಬಳ, ಪಿಂಚಣಿ ಎಲ್ಲ ಸೇರಿ ಲೆಕ್ಕ ಹಾಕಿದರೂ ಆ ದುಡ್ಡಿನಲ್ಲಿ ಮೂವರನ್ನು ಇಟ್ಟುಕೊಳ್ಳಬಹುದು. ಆ ಮೂವರು ಸರಾಸರಿ 48 ಮಕ್ಕಳನ್ನು ನೋಡಿಕೊಳ್ಳುತ್ತಾರೆ. ಅವರಲ್ಲಿ ಒಂದೇ ಒಂದು ಮಗು ತನ್ನ ಮನೆಯಲ್ಲೇ ಸುರಕ್ಷಿತವಾಗಿ ಉಳಿದರೂ ಮೂವರ ಸಂಬಳ ವಾಪಸ್ ಬಂದಂತೆ. ಸಿಬ್ಬಂದಿ ವೆಚ್ಚವನ್ನು ‘ಆಡಳಿತ ಖರ್ಚು’ ಎಂದು ಬದಿಗಿಡುವವರು ಈ ಲೆಕ್ಕವನ್ನು ಒಮ್ಮೆ ಮಾಡಬೇಕು.

ಕೌನ್ಸಿಲ್‌ಗಳ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಬಜೆಟ್ ಸರಿದೂಗದಿದ್ದರೆ 1988ರ ಕಾಯ್ದೆಯ 114ನೇ ಸೆಕ್ಷನ್ ಅಡಿ ಹೊಸ ಖರ್ಚು ನಿಲ್ಲಿಸುವ ನೋಟಿಸ್ ಕೊಡಬೇಕಾದವರು ನನ್ನಂಥ ಲೆಕ್ಕಿಗರೇ, ಆಯಾ ಕೌನ್ಸಿಲ್‌ನ ಮುಖ್ಯ ಹಣಕಾಸು ಅಧಿಕಾರಿ. 2018ರಲ್ಲಿ ನಾರ್ತಾಂಪ್ಟನ್‌ಶೈರ್, 2021ರಲ್ಲಿ ನಮ್ಮ ದೇಶದವರು ಬಹಳ ಇರುವ ಸ್ಲೌ, 2023ರ ಸೆಪ್ಟೆಂಬರ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಈ ಸ್ಥಿತಿಗೆ ಬಂದವು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮರುವರ್ಷ ಕೌನ್ಸಿಲ್ ತೆರಿಗೆ ಶೇ 9.99 ಏರಿತು. ಹಣ ಸುರಿದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎಂಬ ವಾದವೂ ನಿಜ. ಕೆಟ್ಟ ಮೇಲ್ವಿಚಾರಣೆ ಇರುವ ಕಚೇರಿಗೆ ಜನ ಬಂದರೂ ನಿಲ್ಲುವುದಿಲ್ಲ. ಹಾಗೆಂದು ಹಣವಿಲ್ಲದೆ ಒಳ್ಳೆಯ ಮೇಲ್ವಿಚಾರಣೆ ಬರುವುದೂ ಇಲ್ಲ.

ಸರ್ಕಾರ ಕಣ್ಣು ಮುಚ್ಚಿ ಕೂತಿಲ್ಲ. ಮ್ಯಾಕ್‌ಆಲಿಸ್ಟರ್ ವರದಿ ಸುಮಾರು 260 ಕೋಟಿ ಪೌಂಡ್ ಹೊಸ ಹಣ ಬೇಕೆಂದಿತ್ತು. ಹಾಗೆ ಮಾಡದಿದ್ದರೆ ಹತ್ತು ವರ್ಷದಲ್ಲಿ ಆರೈಕೆಯಲ್ಲಿರುವ ಮಕ್ಕಳ ಸಂಖ್ಯೆ ಒಂದು ಲಕ್ಷದ ಹತ್ತಿರ ಹೋಗಿ, ವಾರ್ಷಿಕ ಖರ್ಚು 1,000 ಕೋಟಿಯಿಂದ 1,500 ಕೋಟಿ ಪೌಂಡ್ ಮೀರುತ್ತದೆಂದು ಎಚ್ಚರಿಸಿತ್ತು. 2023ರ ಫೆಬ್ರುವರಿಯಲ್ಲಿ ಸರ್ಕಾರ ಎರಡು ವರ್ಷಕ್ಕೆ ಕೊಟ್ಟದ್ದು 20 ಕೋಟಿ ಪೌಂಡ್. ಆಮೇಲೆ ಬಂದ ಸರ್ಕಾರ ಮುಂಚಿತ ನೆರವಿಗೆ ಹೆಚ್ಚು ಹಣ ತೆಗೆದಿಟ್ಟಿದೆ. 2024ರ ಅಕ್ಟೋಬರ್ ಕೊನೆಯಿಂದ ಏಜೆನ್ಸಿ ನೇಮಕಕ್ಕೂ ನಿಯಮ ಬಂದಿದೆ. ಕಾಯಂ ಕೆಲಸ ಬಿಟ್ಟವರು ಮೂರು ತಿಂಗಳು ಅದೇ ಪ್ರದೇಶದಲ್ಲಿ ಏಜೆನ್ಸಿಯವರಾಗಿ ಬರುವಂತಿಲ್ಲ, ಮೂರು ವರ್ಷದ ಅನುಭವವಿಲ್ಲದವರನ್ನು ಏಜೆನ್ಸಿ ಕಳುಹಿಸುವಂತಿಲ್ಲ. ಒಳ್ಳೆಯ ನಿಯಮಗಳೇ. ಆದರೆ ಬಾಗಿಲು ಮುಚ್ಚಿದರೆ ಸಾಲದು, ಒಳಗಿರುವವರು ಉಳಿಯಲು ಕಾರಣವೂ ಬೇಕು: ಹೊರಬಹುದಾದಷ್ಟು ಹೊರೆ, ಜೀವನ ನಡೆಯುವ ಸಂಬಳ, ಹಲವು ವರ್ಷಕ್ಕೆ ಖಚಿತವಾದ ಅನುದಾನ. ಜೊತೆಗೆ ಮಕ್ಕಳ ರಕ್ಷಣಾ ತಂಡಗಳ ಬಜೆಟ್‌ನಿಂದ ವೇಕೆನ್ಸಿ ಫ್ಯಾಕ್ಟರನ್ನು ತೆಗೆದುಹಾಕಬೇಕು. ಇದಕ್ಕೆ ಹೊಸ ಕಾನೂನು ಬೇಡ, ಒಂದು ಸಭೆಯ ತೀರ್ಮಾನ ಸಾಕು.

ನಮ್ಮವರು ಮಾಡಬಹುದಾದದ್ದು

‘ನಾವು ಹೊರಗಿನವರು, ನಮ್ಮ ಮಾತು ಯಾರು ಕೇಳುತ್ತಾರೆ’ ಎನ್ನುವ ಕನ್ನಡಿಗರು ಇಲ್ಲಿ ಬಹಳ. ಅದು ತಪ್ಪು ತಿಳಿವಳಿಕೆ. ಭಾರತದ ಪಾಸ್‌ಪೋರ್ಟ್ ಇದ್ದರೂ, ಕಾಮನ್‌ವೆಲ್ತ್ ದೇಶದವರಾಗಿ ವೀಸಾದ ಮೇಲೆ ಕಾನೂನುಬದ್ಧವಾಗಿ ನೆಲೆಸಿರುವವರು ಹೆಸರು ನೋಂದಾಯಿಸಿಕೊಂಡು ಕೌನ್ಸಿಲ್ ಚುನಾವಣೆಯಲ್ಲಿ ಮತ ಹಾಕಬಹುದು, ಪಾರ್ಲಿಮೆಂಟ್ ಚುನಾವಣೆಯಲ್ಲೂ ಹಾಕಬಹುದು. ಚಳಿಗಾಲದಲ್ಲಿ ಬಜೆಟ್ ಬಗ್ಗೆ ಕೌನ್ಸಿಲ್‌ಗಳು ಜನರ ಅಭಿಪ್ರಾಯ ಕೇಳುತ್ತವೆ. 2014ರ ಕಾಯ್ದೆಯಂತೆ ಪ್ರತಿ ವರ್ಷ 30 ಕೆಲಸದ ದಿನ ಕೌನ್ಸಿಲ್‌ನ ಲೆಕ್ಕಪತ್ರಗಳು ಸಾರ್ವಜನಿಕರ ಪರಿಶೀಲನೆಗೆ ತೆರೆದಿರುತ್ತವೆ. ಅಲ್ಲಿನ ಮತದಾರರು ಲೆಕ್ಕಪರಿಶೋಧಕರನ್ನು ಪ್ರಶ್ನಿಸಲೂಬಹುದು. ಕೇಳಬೇಕಾದ ಪ್ರಶ್ನೆಗಳು ಮೂರು. ಮಕ್ಕಳ ವಿಭಾಗದಲ್ಲಿ ಖಾಲಿ ಹುದ್ದೆ ಎಷ್ಟು? ಏಜೆನ್ಸಿಗೆ ಕೊಟ್ಟದ್ದೆಷ್ಟು? ಒಬ್ಬರ ಕೈಯಲ್ಲಿ ಪ್ರಕರಣ ಎಷ್ಟು? ನಮ್ಮ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವದ ಜೊತೆಗೆ ವರ್ಷಕ್ಕೊಂದು ಸಂಜೆ ಇದಕ್ಕೆ ಕೊಡಲಿ. ಹೊಸದಾಗಿ ಬಂದ ಪೋಷಕರಿಗೆ ಕಾನೂನು ತಿಳಿಸಲಿ. ಸ್ಕಾಟ್ಲೆಂಡ್‌ನಲ್ಲಿ 2020ರಿಂದ, ವೇಲ್ಸ್‌ನಲ್ಲಿ 2022ರಿಂದ ಮಕ್ಕಳಿಗೆ ಹೊಡೆಯುವುದು ಪೂರ್ತಿ ನಿಷಿದ್ಧ ಎಂಬುದೂ ಎಷ್ಟೋ ಮಂದಿಗೆ ಗೊತ್ತಿಲ್ಲ.

ಊರಿನಲ್ಲಿ ಕುಳಿತು ಇದನ್ನು ಓದುವವರಿಗೂ ಒಂದು ಮಾತು. ನಮ್ಮ ಜಿಲ್ಲೆಗಳಲ್ಲೂ ಮಕ್ಕಳ ರಕ್ಷಣಾ ಘಟಕಗಳಿವೆ, 1098 ಸಹಾಯವಾಣಿಯಿದೆ. ಮಿಷನ್ ವಾತ್ಸಲ್ಯ ಯೋಜನೆಯಡಿ ಕೇಂದ್ರ ಶೇ 60, ರಾಜ್ಯ ಶೇ 40 ಹಣ ಕೊಡುತ್ತವೆ. 2025-26ರ ಕೇಂದ್ರ ಬಜೆಟ್‌ನಲ್ಲಿ ಇಡೀ ದೇಶಕ್ಕೆ ಇದಕ್ಕಾಗಿ ಇಟ್ಟದ್ದು 1,500 ಕೋಟಿ ರೂಪಾಯಿ. 2011ರ ಜನಗಣತಿಯ ಪ್ರಕಾರ 18 ವರ್ಷದೊಳಗಿನವರು 44 ಕೋಟಿ. ಭಾಗಿಸಿದರೆ ಮಗುವೊಂದಕ್ಕೆ ವರ್ಷಕ್ಕೆ ಕೇಂದ್ರದ ಪಾಲು ಸುಮಾರು 34 ರೂಪಾಯಿ. ಘಟಕಗಳ ಸಿಬ್ಬಂದಿಯಲ್ಲಿ ಬಹುಪಾಲು ಗುತ್ತಿಗೆಯವರು. ಅಲ್ಲಿ ಏಜೆನ್ಸಿ, ಇಲ್ಲಿ ಗುತ್ತಿಗೆ. ಹೆಸರು ಬೇರೆ, ಕುರ್ಚಿಯ ಕಥೆ ಒಂದೇ. ಶಾಸಕರು ಮನೆ ಬಾಗಿಲಿಗೆ ಬಂದಾಗ ಚರಂಡಿ, ರಸ್ತೆಯ ಜೊತೆಗೆ ಅದೇ ಮೂರು ಪ್ರಶ್ನೆಗಳನ್ನು ಇಲ್ಲೂ ಕೇಳಬಹುದು.

ಮೇಷ್ಟ್ರಿಗೆ ಆ ರಾತ್ರಿ ನಾನು ಹೇಳಿದ್ದು ಇಷ್ಟೇ: ‘ಮೇಷ್ಟ್ರೇ, ಯಾರೂ ಹಾಗೆ ಮಗುವನ್ನು ಎತ್ತಿಕೊಂಡು ಹೋಗುವುದಿಲ್ಲ. ಬಂದವರಿಗೆ ನಿಜ ಹೇಳಲು ಹೇಳಿ, ಭಾಷೆ ತೊಡಕಾದರೆ ದುಭಾಷಿಯನ್ನು ಕೇಳಲು ಹೇಳಿ, ಕೋಲನ್ನು ಎಸೆಯಲು ಹೇಳಿ.’ ಕಡತ ಮುಚ್ಚಿದ ದಿನ ಅವರು ಮತ್ತೆ ಫೋನ್ ಮಾಡಿದರು. ‘ಮೊದಲು ಬಂದಿದ್ದ ಹೆಣ್ಣುಮಗಳೇ ಕೊನೆವರೆಗೂ ಇದ್ದಿದ್ರೆ ಎರಡು ವಾರದಲ್ಲಿ ಮುಗೀತಿತ್ತು ಅಲ್ವೇನಪ್ಪ’ ಎಂದರು. ಸಿಬ್ಬಂದಿಗೆ ಹಣ ಯಾಕೆ ಬೇಕು ಎಂದು ಕೇಳುವವರಿಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ.